17ನೇ ಸೆಲ್ಲಿನ ಕೈಗುರುತು: ಮಾಲಿ ಮಗ್ವಾಯರ್ ಅಂದರೆ ಯಾರು, ಅವರನ್ನು ನೇಣಿಗೆ ಹಾಕಿದ್ದು ಯಾರು?

ಕಳೆದ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗ ಎಲೆ ಬಣ್ಣ ನೋಡಲು ಹೋಗಿದ್ದ. ಅಲ್ಲಿ ಚಳಿಗೆ ಮುಂಚೆ ಕಾಡೆಲ್ಲ ಕೆಂಪು, ಹಳದಿ ಆಗುತ್ತದೆ. ಶನಿವಾರ ಬಂದರೆ ಸಾಕು, ನಮ್ಮವರು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಕಾರು ಹತ್ತುತ್ತಾರೆ. ಪೆನ್ಸಿಲ್ವೇನಿಯಾದ ಜಿಮ್ ಥಾರ್ಪ್ ಎಂಬ ಬೆಟ್ಟದ ಸಂದಿನ ಊರು ಇದಕ್ಕೆ ಹೆಸರುವಾಸಿ. ಇವನು ಊಟ ಮುಗಿಸಿ, ಇನ್ನೂ ಹೊತ್ತಿದೆಯಲ್ಲ ಅಂತ ಅಲ್ಲಿನ ಹಳೇ ಜೈಲು ಮ್ಯೂಸಿಯಂ ಒಳಗೆ ಹೊಕ್ಕಿದ್ದಾನೆ. ರಾತ್ರಿ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು.

"ಮಾವ, ಇಲ್ಲೊಂದು ಸೆಲ್ಲಿನ ಗೋಡೆ ಮೇಲೆ ಕೈ ಗುರುತಿದೆ. ನೇಣಿಗೆ ಹೋಗೋ ಮುಂಚೆ ಒಬ್ಬ, ನಾನು ತಪ್ಪು ಮಾಡಿಲ್ಲ, ಇದು ಇಲ್ಲೇ ಇರುತ್ತೆ ಅಂತ ಒತ್ತಿದ್ನಂತೆ. ಬಣ್ಣ ಬಳಿದ್ರೂ ಹೋಗಿಲ್ವಂತೆ. ಮಾಲಿ ಮಗ್ವಾಯರ್ ಗುಂಪಿನವರು ಅಂತ ಒಟ್ಟು ಇಪ್ಪತ್ತು ಜನರನ್ನ ನೇಣಿಗೆ ಹಾಕಿದ್ರಂತೆ. ಅವರು ಕೊಲೆಗಾರರಾ, ಯೂನಿಯನ್‌ನವರಾ? ಗೈಡ್ ಹೇಳಿದ್ದು ಅರ್ಧ ತಲೆಗೇ ಹೋಗ್ಲಿಲ್ಲ."

ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆದಿದ್ದೇನೆ. ಆ ಕಡೆ ನೆಂಟರ ಮನೆಗೆ ಹೋಗುವವರು ಈಗ ಜಾಸ್ತಿ. ಆ ಗೋಡೆಯ ಮುಂದೆ ನಿಂತಾಗ ಉಪಯೋಗಕ್ಕೆ ಬರಬಹುದು.

ಮೊದಲು ಕಲ್ಲಿದ್ದಲು

ಕಲ್ಲಿದ್ದಲಿನಲ್ಲಿ ಹಲವು ಜಾತಿ ಇದೆ. ಕರೆಂಟ್ ತಯಾರಿಸುವ ಸ್ಥಾವರಗಳಲ್ಲಿ ಸಾಮಾನ್ಯವಾಗಿ ಸುಡುವ ಕಲ್ಲಿದ್ದಲು ಕಪ್ಪು ಹೊಗೆ ಉಗುಳುತ್ತದೆ. ಆಂತ್ರಸೈಟ್ ಹಾಗಲ್ಲ. ಅದು ಗಟ್ಟಿ, ಕೈಯಲ್ಲಿ ಹಿಡಿದರೆ ಕಲ್ಲಿನ ಹಾಗೆ ಹೊಳೆಯುತ್ತದೆ. ಅದರಲ್ಲಿ ಇಂಗಾಲವೇ ಹೆಚ್ಚು. ಹೊತ್ತಿಸುವುದು ಕಷ್ಟ. ಆದರೆ ಒಮ್ಮೆ ಹೊತ್ತಿಕೊಂಡರೆ ಹೊಗೆಯಿಲ್ಲದೆ ಗಂಟೆಗಟ್ಟಲೆ ಉರಿಯುತ್ತದೆ. ಮನೆ ಬೆಚ್ಚಗಿಡಲು, ಕಬ್ಬಿಣ ಕರಗಿಸಲು ಹೇಳಿಮಾಡಿಸಿದ್ದು.

ಅಮೆರಿಕದ ಆಂತ್ರಸೈಟ್ ಹೆಚ್ಚುಕಡಿಮೆ ಪೂರ್ತಿ ಸಿಕ್ಕಿದ್ದು ಪೆನ್ಸಿಲ್ವೇನಿಯಾದ ಈಶಾನ್ಯ ಮೂಲೆಯ ಕೆಲವು ಕೌಂಟಿಗಳಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ಶುಲ್ಕಿಲ್, ಕಾರ್ಬನ್, ಲುಜರ್ನ್ ಎಂಬ ಹೆಸರುಗಳು ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ಜಿಮ್ ಥಾರ್ಪ್ ಇರುವುದು ಕಾರ್ಬನ್ ಕೌಂಟಿಯಲ್ಲಿ. ಆಗ ಆ ಊರಿನ ಹೆಸರು ಮಾಕ್ ಚಂಕ್. ಈಗಿನ ಹೆಸರು ಒಬ್ಬ ಪ್ರಖ್ಯಾತ ಕ್ರೀಡಾಪಟುವಿನದು, 1954ರಲ್ಲಿ ಬಂದದ್ದು.

ಅಗೆದ ಕಲ್ಲಿದ್ದಲು ಅಲ್ಲೇ ಬಿದ್ದಿದ್ದರೆ ಅದಕ್ಕೆ ಬೆಲೆಯಿಲ್ಲ. ಫಿಲಡೆಲ್ಫಿಯಾಗೆ, ನ್ಯೂಯಾರ್ಕಿಗೆ ಹೋಗಿ ಮುಟ್ಟಬೇಕು. ಹಾಗಾಗಿ ರೈಲು ಯಾರದೋ ಕಲ್ಲಿದ್ದಲು ಅವರದು. ಇದೊಂದು ತಿಳಿದರೆ ಮುಂದಿನದು ಅರ್ಥವಾಗುವುದು ಸುಲಭ.

ಲೈನ್ ಮನೆಯ ಲೆಕ್ಕ

1845ರಿಂದ ಕೆಲವು ವರ್ಷ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಬಡವರ ಊಟವೇ ಆಲೂಗಡ್ಡೆ. ಸುಮಾರು 10 ಲಕ್ಷ ಜನ ಹಸಿವು, ಜ್ವರಗಳಿಂದ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಹಾಗೆ ಬಂದವರಲ್ಲಿ ಒಂದಷ್ಟು ಮಂದಿ ಈ ಗಣಿಗಳಿಗೆ ಇಳಿದರು. ವೇಲ್ಸ್, ಇಂಗ್ಲೆಂಡಿನಿಂದ ಬಂದವರಿಗೆ ಗಣಿ ಕೆಲಸ ಮೊದಲೇ ಗೊತ್ತಿತ್ತು. ಅವರು ಮೇಸ್ತ್ರಿಗಳಾದರು. ಐರಿಷರು ಕೂಲಿಗಳಾದರು. ಮೇಲಿನವರು ಪ್ರೊಟೆಸ್ಟೆಂಟ್, ಕೆಳಗಿನವರು ಕ್ಯಾಥೊಲಿಕ್. ಜಗಳಕ್ಕೆ ಇನ್ನೇನು ಬೇಕು?

ಅವರು ಇರುತ್ತಿದ್ದ ಹಟ್ಟಿಗಳಿಗೆ ಪ್ಯಾಚ್ ಎಂದು ಹೆಸರು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್ ಮನೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಣಿಯ ಬಾಯಿಗೆ ಹತ್ತಿರ, ಸಾಲಾಗಿ ಕಟ್ಟಿದ ಕಂಪನಿ ಮನೆಗಳು. ಕೆಲಸ ಇದ್ದಷ್ಟು ದಿನ ಮನೆ. ಕೆಲಸ ಹೋಯಿತೋ, ಪಾತ್ರೆ ಪಗಡ ಬೀದಿಗೆ.

ಅಂಗಡಿಯೂ ಕಂಪನಿಯದೇ. ಹಿಟ್ಟು, ಬೂಟು, ಮದ್ದು, ದೀಪದ ಎಣ್ಣೆ ಎಲ್ಲ ಅಲ್ಲೇ ಕಡ ತರಬೇಕು. ಇಲ್ಲಿ ಮದ್ದು ಅಂದರೆ ಕಲ್ಲು ಸಿಡಿಸುವ ಮದ್ದು, ಅದರ ಖರ್ಚೂ ಕೆಲಸಗಾರನದೇ. ಸಂಬಳದ ದಿನ ಬಾಡಿಗೆ, ಅಂಗಡಿ ಬಾಕಿ ಎಲ್ಲ ಕಳೆದು ಚೀಟಿ ಕೊಡುತ್ತಿದ್ದರು. ಎಷ್ಟೋ ಸಲ ಕೊನೆಯ ಸಾಲಿನಲ್ಲಿ ಸೊನ್ನೆ. ಇದಕ್ಕೆ ಅವರು ಮೋಟು ಬಾಲದ ಚೀಟಿ ಎನ್ನುತ್ತಿದ್ದರು. ತಿಂಗಳೆಲ್ಲ ಅಗೆದು ಮನೆಗೆ ತಂದದ್ದು ಒಂದು ಕಾಗದ!

ಕೂಲಿ ಇದ್ದದ್ದು ಎಷ್ಟು ಬಂಡಿ ತುಂಬಿದಿರಿ ಎಂಬುದರ ಮೇಲೆ. ಬಂಡಿಯಲ್ಲಿ ಕಲ್ಲು ಜಾಸ್ತಿ ಇದೆ ಅಂತ ಅನಿಸಿದರೆ ಲೆಕ್ಕದ ಮೇಸ್ತ್ರಿ ಅಷ್ಟನ್ನು ಕಳೆಯುತ್ತಿದ್ದ. ಯಾರ ಕೂಲಿ ಎಷ್ಟು ಕಡಿತ ಎಂಬುದು ಅವನ ಕೈಯಲ್ಲಿ. ಈ ಲೆಕ್ಕದ ಮೇಸ್ತ್ರಿ ಮುಂದೆ ಮತ್ತೆ ಬರುತ್ತಾನೆ, ನೆನಪಿರಲಿ.

ಹುಡುಗರು ಏಳೆಂಟು ವರ್ಷಕ್ಕೇ ಬ್ರೇಕರ್ ಎಂಬ ಎತ್ತರದ ಮರದ ಕಟ್ಟಡದಲ್ಲಿ ಸಾಲಾಗಿ ಕೂತು, ಜಾರಿ ಬರುವ ಕಲ್ಲಿದ್ದಲಿನಿಂದ ಬೇಡದ ಕಲ್ಲು ಆರಿಸುತ್ತಿದ್ದರು. ನಮ್ಮ ಮನೆಯಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುವ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಬೆರಳು ಹೋಗುತ್ತಿತ್ತು.

1869ರ ಸೆಪ್ಟೆಂಬರ್ 6ರಂದು ಲುಜರ್ನ್ ಕೌಂಟಿಯ ಏವನ್‌ಡೇಲ್ ಗಣಿಯಲ್ಲಿ ಬೆಂಕಿ ಬಿತ್ತು. ಆ ಗಣಿಗೆ ಇದ್ದದ್ದು ಒಂದೇ ಬಾಯಿ. ಅದರ ಮೇಲೆಯೇ ಮರದ ಬ್ರೇಕರ್ ಕಟ್ಟಿದ್ದರು. ಮೇಲಿನದು ಹೊತ್ತಿ ಉರಿದು ಬಾಯಿಯೇ ಮುಚ್ಚಿತು. 110 ಜನ ಸತ್ತರು. ಅದರಲ್ಲಿ ಇಬ್ಬರು ಉಳಿಸಲು ಇಳಿದವರು. ಎರಡನೇ ದಾರಿ ಕಡ್ಡಾಯ ಎಂಬ ಕಾನೂನು ರಾಜ್ಯದಲ್ಲಿ ಬಂದದ್ದು ಇದಾದ ಮೇಲೆ, 1870ರಲ್ಲಿ.

ಮಾಲಿ ಮಗ್ವಾಯರ್ ಎಂಬ ಹೆಸರು

ತೋಟದ ಮಾಲಿ ಅಲ್ಲ. ಮಾಲಿ ಒಂದು ಹೆಂಗಸಿನ ಹೆಸರು. ಐರ್ಲೆಂಡಿನಲ್ಲಿ ಜಮೀನ್ದಾರರು ಮನೆಯಿಂದ ಹೊರಹಾಕಿದ ಒಬ್ಬ ವಿಧವೆ ಇದ್ದಳು, ಅವಳ ಹೆಸರಿನಲ್ಲಿ ಹುಡುಗರು ರಾತ್ರಿ ಹೊತ್ತು ಸೇಡು ತೀರಿಸುತ್ತಿದ್ದರು ಎಂದು ಕಥೆ. ಆಕೆ ನಿಜಕ್ಕೂ ಇದ್ದಳು ಎನ್ನಲು ಆಧಾರವಿಲ್ಲ. ಆದರೆ 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಈ ಹೆಸರಿನ ಗುಟ್ಟಿನ ಗುಂಪುಗಳಿದ್ದವು. ಗಂಡಸರು ಸೀರೆ ಉಟ್ಟಂತೆ ಹೆಂಗಸರ ಬಟ್ಟೆ ತೊಟ್ಟು, ಮುಖಕ್ಕೆ ಮಸಿ ಬಳಿದು, ಗೇಣಿ ವಸೂಲಿ ಏಜೆಂಟರನ್ನು ಹೆದರಿಸುತ್ತಿದ್ದರು. ಕೆಲವರನ್ನು ಕೊಂದದ್ದೂ ಉಂಟು.

ಪೆನ್ಸಿಲ್ವೇನಿಯಾದಲ್ಲಿ ಗಣಿ ಮೇಸ್ತ್ರಿಗಳು ಸಾಯಲು ಶುರುವಾದಾಗ ಪತ್ರಿಕೆಗಳು ಅದೇ ಹೆಸರು ಅಂಟಿಸಿದವು. ಅಲ್ಲಿ ಆ ಗುಂಪು ನಿಜವಾಗಿ ಎಷ್ಟು ದೊಡ್ಡದಿತ್ತು? ಇದರ ಬಗ್ಗೆ ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ. ಕಾರಣ ಸರಳ. ಮಾಲಿಗಳು ಎನಿಸಿಕೊಂಡವರು ತಮ್ಮ ಬಗ್ಗೆ ಒಂದು ಸಾಲೂ ಬರೆದಿಡಲಿಲ್ಲ. ಇರುವುದೆಲ್ಲ ಅವರನ್ನು ಹಿಡಿದವರು ಬರೆದದ್ದು.

ಕೊಲೆಗಳು ಮಾತ್ರ ಸುಳ್ಳಲ್ಲ. 1875ರ ಜುಲೈ 6ರ ನಡುರಾತ್ರಿ ದಾಟಿದ ಮೇಲೆ ಟಮಾಕ್ವಾ ಊರಿನ ಪೊಲೀಸ್ ಬೆಂಜಮಿನ್ ಯೋಸ್ಟ್ ಬೀದಿ ದೀಪ ಆರಿಸಲು ಏಣಿ ಹತ್ತಿದ್ದರು. ಏಣಿಯ ಮೇಲಿದ್ದಾಗಲೇ ಗುಂಡು ಬಿತ್ತು. ಸೆಪ್ಟೆಂಬರ್ 1ರಂದು ಥಾಮಸ್ ಸ್ಯಾಂಗರ್, ವಿಲಿಯಂ ಯುರೆನ್ ಎಂಬಿಬ್ಬರು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಸತ್ತರು. ಎರಡೇ ದಿನದ ಮೇಲೆ ಲ್ಯಾನ್ಸ್‌ಫರ್ಡ್‌ನಲ್ಲಿ ಗಣಿ ಸೂಪರಿಂಟೆಂಡೆಂಟ್ ಜಾನ್ ಜೋನ್ಸ್ ಸತ್ತರು. ಅವರ ಮನೆಗಳಲ್ಲೂ ಹೆಂಡತಿ, ಮಕ್ಕಳು ಇದ್ದರು. ಈ ಕಥೆಯನ್ನು ಒಂದು ಕಡೆಯಿಂದ ಮಾತ್ರ ಹೇಳುವವರು ಇದನ್ನು ನುಂಗಿಬಿಡುತ್ತಾರೆ.

ರೈಲಿನ ಯಜಮಾನ, ಯೂನಿಯನ್, ಮಫ್ತಿಯವನು

ಈಗ ಮೂರು ಹೆಸರು.

ಒಬ್ಬರು ಜಾನ್ ಸಿನಿ. 1868ರಲ್ಲಿ ಗಣಿಗಾರರ ಯೂನಿಯನ್ ಕಟ್ಟಿದವರು. ಐರಿಷ್, ವೆಲ್ಷ್, ಇಂಗ್ಲಿಷ್ ಎಲ್ಲರನ್ನೂ ಒಂದೇ ಕಡೆ ಕೂರಿಸಿದರು. ಹೊಡೆದಾಟ ಬೇಡ, ಮಾತುಕತೆ ಸಾಕು ಎನ್ನುವವರು.

ಇನ್ನೊಬ್ಬ ಫ್ರಾಂಕ್ಲಿನ್ ಗೋವನ್. ಮೊದಲು ಶುಲ್ಕಿಲ್ ಕೌಂಟಿಯ ಸರ್ಕಾರಿ ವಕೀಲ, ಆಮೇಲೆ ಫಿಲಡೆಲ್ಫಿಯಾ ಅಂಡ್ ರೀಡಿಂಗ್ ರೈಲು ಕಂಪನಿಯ ಅಧ್ಯಕ್ಷ. ರೈಲು ಸಾಲದು ಅಂತ ಸಾಲ ಎತ್ತಿ ಗಣಿ ಭೂಮಿಯನ್ನೂ ಕೊಂಡ. ಅವನಿಗೆ ಯೂನಿಯನ್ನೂ ಬೇಡ, ಮಾಲಿಗಳೂ ಬೇಡ. ಎರಡೂ ಒಂದೇ ಎಂದು ಜನ ನಂಬಿದರೆ ಇನ್ನೂ ಒಳ್ಳೆಯದು.

ಮೂರನೆಯವನು ಜೇಮ್ಸ್ ಮಕ್‌ಪಾರ್ಲಂಡ್. ಗೋವನ್ 1873ರಲ್ಲಿ ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಕಂಪನಿಯನ್ನು ಗೊತ್ತುಮಾಡಿದ. ಅವರು ಕಳಿಸಿದ್ದು ಈತನನ್ನು. ಈತನೂ ಐರಿಷ್, ಕ್ಯಾಥೊಲಿಕ್. ಜೇಮ್ಸ್ ಮಕೆನ್ನಾ ಎಂದು ಹೆಸರು ಬದಲಿಸಿ ಬಂದು, ಹೆಂಡದಂಗಡಿಗಳಲ್ಲಿ ಕುಡಿದು, ಕುಣಿದು, ಹಾಡಿ, ಎರಡೂವರೆ ವರ್ಷ ಅವರಲ್ಲೊಬ್ಬನಾಗಿ ಬಾಳಿದ. ಕೇಸಿಗೆ ಬೇಕಾದ ಒಬ್ಬನ ನಾದಿನಿಯ ಹಿಂದೆ ಪ್ರೀತಿ ಎಂದು ಓಡಾಡಿದ. ಮನೆ ಅಳಿಯನಾಗುವವನ ಮುಂದೆ ಯಾರು ಮಾತು ಮುಚ್ಚಿಡುತ್ತಾರೆ? ಐರಿಷ್ ಕ್ಯಾಥೊಲಿಕರ ಸಹಾಯ ಸಂಘವೊಂದಿತ್ತು, ಹಿಬರ್ನಿಯನ್ಸ್ ಅಂತ. ಅದಕ್ಕೆ ಸೇರಿ ಕಾರ್ಯದರ್ಶಿಯೂ ಆದ. ನಮ್ಮ ಊರುಗಳಲ್ಲಿ ಸಮಾಜದ ಸಂಘ, ಚೀಟಿ, ಸಾವಿನ ಖರ್ಚಿನ ನಿಧಿ ಇರುತ್ತವಲ್ಲ, ಬಹುಪಾಲು ಸದಸ್ಯರಿಗೆ ಅದು ಅಷ್ಟೇ. ಗೋವನ್ ಕಡೆಯವರ ವಾದದಲ್ಲಿ ಹಿಬರ್ನಿಯನ್ ಅಂದರೆ ಮಾಲಿ, ಮಾಲಿ ಅಂದರೆ ಕೊಲೆಗಾರ.

1875ರ ಜನವರಿಯಲ್ಲಿ ಕೂಲಿ ಕಡಿತದ ವಿರುದ್ಧ ಮುಷ್ಕರ ಶುರುವಾಯಿತು. ಜೂನ್ ಹೊತ್ತಿಗೆ ಮನೆಗಳಲ್ಲಿ ಬೇಯಿಸಲು ಏನೂ ಉಳಿದಿರಲಿಲ್ಲ. ಸೋತು, ಕಡಿಮೆ ಕೂಲಿಗೇ ಗಣಿಗಿಳಿದರು. ಯೂನಿಯನ್ ಮುರಿದುಬಿತ್ತು. ಮೇಲೆ ಹೇಳಿದ 1875ರ ಕೊಲೆಗಳ ತಾರೀಕು ಇನ್ನೊಮ್ಮೆ ನೋಡಿ. ಎಲ್ಲವೂ ಮುಷ್ಕರ ಸೋತ ನಂತರದ್ದು.

ಮಾರ್ಗರೆಟ್ ಮನೆ

ಈ ಕಥೆಯನ್ನು ಸಂಬಂಧಗಳ ಮೂಲಕ ಹೇಳಿದರೆ ನಮಗೆ ಬೇಗ ಹತ್ತುತ್ತದೆ.

ಮಹನೋಯ್ ಸಿಟಿ ಹತ್ತಿರ ವಿಗ್ಗನ್ಸ್ ಪ್ಯಾಚ್ ಅಂತ ಒಂದು ಹಟ್ಟಿ. ಅಲ್ಲಿ ಮಾರ್ಗರೆಟ್ ಓಡಾನೆಲ್ ಎಂಬಾಕೆ ಊಟ, ವಸತಿಗೆ ಜನ ಇಟ್ಟುಕೊಂಡು ಮನೆ ನಡೆಸುತ್ತಿದ್ದರು. ಚಾರ್ಲ್ಸ್ ಮತ್ತು ಜೇಮ್ಸ್ ಅವರ ಗಂಡುಮಕ್ಕಳು. ಒಬ್ಬ ಮಗಳು ಎಲನ್, ಆಕೆಯ ಗಂಡ ಚಾರ್ಲ್ಸ್ ಮಕ್‌ಅಲಿಸ್ಟರ್. ಇನ್ನೊಬ್ಬ ಮಗಳು ಮೇರಿ ಆನ್. ಅವಳನ್ನು ಕೊಟ್ಟದ್ದು ಜಿರಾರ್ಡ್‌ವಿಲ್‌ನ ಜ್ಯಾಕ್ ಕೀಹೋಗೆ. ಕೀಹೋ ಗಣಿ ಕೆಲಸದಿಂದ ಮೇಲೆ ಬಂದು ಸ್ವಂತ ಹೆಂಡದಂಗಡಿ ಇಟ್ಟವನು, ಊರಿನ ಕಾನ್‌ಸ್ಟೇಬಲ್ ಆಗಿ ಗೆದ್ದವನು, ಹಿಬರ್ನಿಯನ್ ಸಂಘಕ್ಕೆ ಕೌಂಟಿಯ ಮುಖಂಡ. ಅಂದರೆ ಚಾರ್ಲ್ಸ್, ಜೇಮ್ಸ್ ಅವನ ಭಾವಮೈದುನರು, ಎಲನ್ ನಾದಿನಿ, ಮಕ್‌ಅಲಿಸ್ಟರ್ ಷಡ್ಡಕ.

ಸ್ಯಾಂಗರ್, ಯುರೆನ್ ಕೊಲೆ ಮಾಡಿದವರು ಇವರು ಎಂದು ಹೆಸರು ಬರೆದ ಒಂದು ಗುಟ್ಟಿನ ಕರಪತ್ರ ಆ ಚಳಿಗಾಲದಲ್ಲಿ ಕೈಯಿಂದ ಕೈಗೆ ಓಡಾಡಿತು. ಓಡಾನೆಲ್ ಹುಡುಗರ ಹೆಸರು, ಮಕ್‌ಅಲಿಸ್ಟರ್ ಹೆಸರು ಅದರಲ್ಲಿತ್ತು. ಕೇಸು ಆಗಿರಲಿಲ್ಲ, ಸಮನ್ಸ್ ಬಂದಿರಲಿಲ್ಲ.

1875ರ ಡಿಸೆಂಬರ್ 10ರ ಬೆಳಗಿನ ಜಾವ, ಇನ್ನೂ ಕತ್ತಲು. ಮುಖಕ್ಕೆ ಬಟ್ಟೆ ಕಟ್ಟಿದ ಗಂಡಸರು ಬಾಗಿಲು ಒಡೆದು ಒಳಗೆ ನುಗ್ಗಿದರು. ಮಾರ್ಗರೆಟ್ ತಲೆಗೆ ಪಿಸ್ತೂಲಿನಲ್ಲೇ ಬಡಿದರು. ಏನು ಗದ್ದಲ ಎಂದು ಎದ್ದು ಬಂದ ಎಲನ್‌ಗೆ ಗುಂಡು ಬಿತ್ತು. ಆಕೆ ಬಸುರಿ. ಚಾರ್ಲ್ಸ್ ಓಡಾನೆಲ್‌ನನ್ನು ಹೊರಗೆಳೆದು ಗುಂಡಿನ ಮೇಲೆ ಗುಂಡು ಹೊಡೆದರು. ಉಳಿದ ಗಂಡಸರು ಕತ್ತಲಲ್ಲಿ ತಪ್ಪಿಸಿಕೊಂಡರು.

ಇದನ್ನು ಕೇಳಿ ಮಕ್‌ಪಾರ್ಲಂಡ್‌ಗೂ ತಡೆಯಲಾಗಲಿಲ್ಲ. ಹೆಂಗಸರನ್ನು ಕೊಲ್ಲುವ ಕೆಲಸಕ್ಕೆ ನಾನು ಜೊತೆಯಾಗಲಾರೆ, ರಾಜೀನಾಮೆ ತೆಗೆದುಕೊಳ್ಳಿ ಎಂದು ಮೇಲಿನವರಿಗೆ ಬರೆದ. ತಾನು ಕಳಿಸಿದ ವರದಿಗಳೇ ಆ ಮನೆಯ ಬಾಗಿಲಿಗೆ ದಾರಿ ತೋರಿಸಿದವು ಎಂದು ಅವನಿಗೆ ಅನಿಸಿತ್ತು. ಅವರು ಸಮಾಧಾನ ಮಾಡಿದರು, ಅವನು ಉಳಿದುಕೊಂಡ. ಮಾರ್ಗರೆಟ್ ಒಬ್ಬನನ್ನು ಗುರುತಿಸಿದರು. ಅವನನ್ನು ಹಿಡಿದು, ಬಿಟ್ಟರು. ಅಲ್ಲಿಗೆ ಆ ಕೇಸು ಮುಗಿಯಿತು.

ಕೋರ್ಟು ನಡೆದದ್ದು ಹೇಗೆ

1876ರ ಜನವರಿಯಲ್ಲಿ ಮಾಕ್ ಚಂಕ್‌ನಲ್ಲಿ ಮೊದಲ ವಿಚಾರಣೆ. ಆರೋಪಿ ಮೈಕಲ್ ಡಾಯಲ್, ಜೋನ್ಸ್ ಕೊಲೆ ಕೇಸು. ಆಮೇಲೆ ಸಾಲಾಗಿ ಕೇಸುಗಳು ಬಂದವು. ಹೊರಗಿನಿಂದ ನೋಡಿದರೆ ಎಲ್ಲ ಕ್ರಮವಾಗಿಯೇ ಇತ್ತು. ನ್ಯಾಯಾಧೀಶರಿದ್ದರು, ಜ್ಯೂರಿ ಇತ್ತು, ಆರೋಪಿಗಳಿಗೆ ವಕೀಲರಿದ್ದರು. ಒಂದೊಂದನ್ನೇ ಬಿಚ್ಚಿ ನೋಡೋಣ.

ಹಿಡಿದವರು ಯಾರು? ಕೋಲ್ ಅಂಡ್ ಐರನ್ ಪೊಲೀಸ್. ಹೆಸರಿಗೆ ಪೊಲೀಸ್, ಸಂಬಳ ಕಂಪನಿಯದು. 1865, 66ರ ಕಾನೂನಿನಂತೆ ರೈಲು, ಗಣಿ ಕಂಪನಿಗಳು ಸರ್ಕಾರಕ್ಕೆ ತಲೆಗೆ 1 ಡಾಲರ್ ಕಟ್ಟಿದರೆ ತಮ್ಮ ಆಳಿಗೇ ಪೊಲೀಸ್ ಅಧಿಕಾರ ಸಿಗುತ್ತಿತ್ತು. ಅಪಾರ್ಟ್‌ಮೆಂಟ್‌ನ ಸೆಕ್ಯುರಿಟಿಯವನಿಗೆ ಲಾಠಿ, ಬಂದೂಕು, ಬೇಡಿ ಕೊಟ್ಟು, ಯಾರನ್ನು ಬೇಕಾದರೂ ಹಿಡಿ ಅಂದಂತೆ.

ವಾದ ಮಾಡಿದವರು ಯಾರು? ಸರ್ಕಾರದ ಪರವಾಗಿ ಎದ್ದು ನಿಂತವರಲ್ಲಿ ರೈಲು ಕಂಪನಿಯ ಅಧ್ಯಕ್ಷ ಗೋವನ್ ಸ್ವತಃ ಇದ್ದ. ಇನ್ನೊಬ್ಬರು ಕಲ್ಲಿದ್ದಲು ಕಂಪನಿಯ ವಕೀಲ ಚಾರ್ಲ್ಸ್ ಆಲ್‌ಬ್ರೈಟ್. ಅವರು ಅಂತರ್ಯುದ್ಧದಲ್ಲಿ ಸೇನಾಧಿಕಾರಿಯಾಗಿದ್ದವರು. ಆ ಹಳೆಯ ಸಮವಸ್ತ್ರ ತೊಟ್ಟು, ಕತ್ತಿ ಕಟ್ಟಿಕೊಂಡೇ ಕೋರ್ಟಿಗೆ ಬಂದರು.

ತೀರ್ಪು ಕೊಟ್ಟವರು ಯಾರು? ಜ್ಯೂರಿ ಅಂದರೆ ಊರಿನ 12 ಜನ, ತಪ್ಪಿತಸ್ಥ ಹೌದೋ ಅಲ್ಲವೋ ಎಂದು ಹೇಳಬೇಕಾದವರು. ನಮ್ಮಲ್ಲೂ ಹಿಂದೆ ಇತ್ತು, ಈಗಿಲ್ಲ. ಆ ಜ್ಯೂರಿಗಳಿಂದ ಐರಿಷ್ ಕ್ಯಾಥೊಲಿಕರನ್ನು ಹೊರಗಿಟ್ಟಿದ್ದರು. ಕೂತವರಲ್ಲಿ ಹೆಚ್ಚಿನವರು ಜರ್ಮನ್ ಮೂಲದ ರೈತರು, ಕೆಲವರಿಗೆ ಇಂಗ್ಲಿಷೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಕನ್ನಡ ಬಾರದವರ ಮುಂದೆ ಕನ್ನಡದಲ್ಲಿ ನಿಮ್ಮ ಜೀವದ ವಾದ ನಡೆದರೆ ಹೇಗೆ?

ಸಾಕ್ಷಿ ಹೇಳಿದವರು ಯಾರು? ಒಂದು, ಮಕ್‌ಪಾರ್ಲಂಡ್. ಇನ್ನೊಂದು, ಮಾಫಿ ಸಾಕ್ಷಿಗಳು. ತಾನೂ ಅಪರಾಧದಲ್ಲಿದ್ದೆ, ಉಳಿದವರನ್ನು ಹಿಡಿಸಿಕೊಡುತ್ತೇನೆ, ನನ್ನನ್ನು ಬಿಡಿ ಎನ್ನುವವನು ಮಾಫಿ ಸಾಕ್ಷಿ. ಇದು ನಮ್ಮ ಕೋರ್ಟುಗಳಲ್ಲೂ ಇದೆ. ಆದರೆ ಅಂಥವನ ಮಾತನ್ನು ಬೇರೆ ಪುರಾವೆಯ ಜೊತೆ ತೂಗಿ ನೋಡಬೇಕು ಎಂಬುದು ರೂಢಿ. ಯಾಕೆಂದರೆ ಅವನ ತಲೆ ಉಳಿಯುವುದೇ ಇನ್ನೊಬ್ಬನ ತಲೆ ಹೋದರೆ. ಇಲ್ಲಿ ಮುಖ್ಯ ಮಾಫಿ ಸಾಕ್ಷಿ ಜಿಮ್ಮಿ ಕೆರಿಗನ್. ಅವನ ಹೆಂಡತಿಯೇ ಕೋರ್ಟಿಗೆ ಬಂದು, ಯೋಸ್ಟ್‌ನನ್ನು ಕೊಂದವನು ನನ್ನ ಗಂಡ, ಈಗ ಬೇರೆಯವರ ಮೇಲೆ ಹಾಕುತ್ತಿದ್ದಾನೆ ಎಂದು ಹೇಳಿದಳು. ಜ್ಯೂರಿ ಗಂಡನನ್ನೇ ನಂಬಿತು. ಮಕ್‌ಪಾರ್ಲಂಡ್ ಪ್ರೀತಿಯ ನಾಟಕ ಆಡಿದ್ದು ಇದೇ ಮನೆಯ ಹುಡುಗಿಯ ಜೊತೆ.

ಇನ್ನು ಮನೆಯವರ ಸಾಕ್ಷಿ. ರಾತ್ರಿ ಎರಡು ಗಂಟೆಗೆ ನೀವೆಲ್ಲಿದ್ದಿರಿ ಎಂದರೆ ಯಾರಿಗೆ ಗೊತ್ತಿರುತ್ತದೆ? ಹೆಂಡತಿಗೆ, ಅಮ್ಮನಿಗೆ, ತಂಗಿಗೆ. ಪ್ಯಾಚ್‌ನಲ್ಲಂತೂ ಅಕ್ಕಪಕ್ಕದವರೂ ನೆಂಟರೇ. ಅವರು ಬಂದು ಅವನು ಮನೆಯಲ್ಲೇ ಇದ್ದ ಎಂದರೆ, ನೆಂಟರು ಹೇಳದೆ ಇನ್ನೇನು ಹೇಳುತ್ತಾರೆ ಎಂಬ ಉತ್ತರ. ಅಷ್ಟಕ್ಕೇ ನಿಲ್ಲಲಿಲ್ಲ. ಹಾಗೆ ಸಾಕ್ಷಿ ಹೇಳಿದ ಕೆಲವರ ಮೇಲೆ, ಹೆಂಗಸರೂ ಸೇರಿ, ಸುಳ್ಳು ಸಾಕ್ಷಿಯ ಕೇಸು ಹಾಕಿ ಜೈಲಿಗೆ ಕಳಿಸಿದರು. ಅಲ್ಲಿಂದ ಮುಂದೆ ಬಾಯಿ ಬಿಡಲು ಯಾರು ಬರುತ್ತಾರೆ?

ಕೊನೆಯದು, ಇಡೀ ಕಥೆಯ ಕೀಲಿ. ಅಪರಾಧಕ್ಕೆ ಕುಮ್ಮಕ್ಕು ಎಂಬ ಕಾನೂನು. ಗುಂಡು ಹಾರಿಸಿದವನಷ್ಟೇ ಅಲ್ಲ, ಹಾರಿಸು ಎಂದವನು, ಪಿಸ್ತೂಲು ಕೊಟ್ಟವನು, ಹಣ ಕೊಡುತ್ತೇನೆ ಎಂದವನೂ ಅಪರಾಧಿ. ಕಾನೂನು ತಪ್ಪಲ್ಲ, ಎಲ್ಲ ದೇಶದಲ್ಲೂ ಇದೆ. ಪ್ರಶ್ನೆ ಇರುವುದು ಎಷ್ಟು ದೂರಕ್ಕೆ ಎಳೆಯಬಹುದು ಎಂಬುದರಲ್ಲಿ. ಸರ್ಕಾರದ ಕಡೆಯವರು ಹೇಳಿದ್ದು ಹೀಗೆ: ಮಾಲಿಗಳು ಕೊಲೆಯನ್ನು ಮುಯ್ಯಿಯಂತೆ ಕೊಟ್ಟು ತೆಗೆದುಕೊಳ್ಳುತ್ತಾರೆ. ನಿಮ್ಮೂರಿನವರು ಬಂದು ನಮ್ಮೂರಿನ ಶತ್ರುವನ್ನು ಕೊಲ್ಲಲಿ, ಮುಖ ಗುರುತು ಸಿಗುವುದಿಲ್ಲ. ಆಮೇಲೆ ನಾವು ನಿಮ್ಮೂರಿಗೆ ಬರುತ್ತೇವೆ. ಯೋಸ್ಟ್‌ಗೆ ಬದಲು ಜೋನ್ಸ್. ಹಾಗಾಗಿ ಯೋಸ್ಟ್ ಒಬ್ಬರ ಸಾವಿಗೆ ಐದು ಜನ ನೇಣು ಹತ್ತಿದರು. ಅಲ್ಲಿಗೆ ಹೋಗಿ ಕೊಂದವರು ಎಂದು ಹೇಳಿದ್ದು ಅದರಲ್ಲಿ ಇಬ್ಬರನ್ನು ಮಾತ್ರ. ಉಳಿದ ಮೂವರ ಮೇಲಿದ್ದದ್ದು ಸಂಚಿನ ಮಾತು. ಕಾರ್ಬನ್ ಕೌಂಟಿಯಲ್ಲಿ ಹೆಂಡದಂಗಡಿ ಇಟ್ಟಿದ್ದ ಅಲೆಕ್ಸಾಂಡರ್ ಕ್ಯಾಂಬೆಲ್ ಕೂಡ ಹಾಗೆಯೇ. ಕೊಲೆ ನಡೆದ ಜಾಗದಲ್ಲಿ ಆತ ಇರಲಿಲ್ಲ.

1994ರಲ್ಲಿ ಅದೇ ಕಾರ್ಬನ್ ಕೌಂಟಿಯ ನ್ಯಾಯಾಧೀಶರೊಬ್ಬರು ಇದನ್ನೆಲ್ಲ ಓದಿ ಬರೆದದ್ದರ ತಾತ್ಪರ್ಯ ಇಷ್ಟು: ತನಿಖೆ ಖಾಸಗಿ, ಪೊಲೀಸ್ ಖಾಸಗಿ, ವಕೀಲರು ಖಾಸಗಿ. ಸರ್ಕಾರ ಒದಗಿಸಿದ್ದು ಕೋರ್ಟಿನ ಕೋಣೆ ಮತ್ತು ನೇಣುಗಂಬ.

ಹಾಗಾದರೆ ಎಲ್ಲರೂ ನಿರಪರಾಧಿಗಳಾ? ಹಾಗೆ ಹೇಳಲು ಬರುವುದಿಲ್ಲ. ಕೆಲವರು ನಿಜಕ್ಕೂ ಕೊಂದಿರಬಹುದು. ಯಾರು ಕೊಂದರು, ಯಾರು ಕೊಲ್ಲಲಿಲ್ಲ ಎಂದು ಬೇರ್ಪಡಿಸುವುದೇ ಕೋರ್ಟಿನ ಕೆಲಸ. ಆ ಜರಡಿ ಹಿಡಿಯಲೇ ಇಲ್ಲ ಎಂಬುದು ದೂರು.

1877ರ ಜೂನ್ 21, ಗುರುವಾರ

ಒಂದೇ ದಿನ ಹತ್ತು ನೇಣು. ಮಾಕ್ ಚಂಕ್‌ನಲ್ಲಿ ನಾಲ್ವರು, ಶುಲ್ಕಿಲ್ ಕೌಂಟಿಯ ಪಾಟ್ಸ್‌ವಿಲ್‌ನಲ್ಲಿ ಆರು ಜನ. ಹಗ್ಗದ ದಿನ ಎಂದು ಅಲ್ಲಿಯವರು ಈಗಲೂ ಕರೆಯುತ್ತಾರೆ.

ಮಾಕ್ ಚಂಕ್ ಜೈಲಿನೊಳಗೆ ನಾಲ್ಕು ಜನರನ್ನು ಒಟ್ಟಿಗೇ ನಿಲ್ಲಿಸುವಂಥ ನೇಣುಗಂಬ ಕಟ್ಟಿದ್ದರು. ಕ್ಯಾಂಬೆಲ್, ಡಾಯಲ್, ಎಡ್ವರ್ಡ್ ಕೆಲಿ, ಜಾನ್ ಡಾನಹ್ಯೂ. ಪಾಟ್ಸ್‌ವಿಲ್‌ನಲ್ಲಿ ಇಬ್ಬಿಬ್ಬರಂತೆ ಮೂರು ಸಲ. ಮೊದಲ ಜೋಡಿಯಲ್ಲಿದ್ದ ಜೇಮ್ಸ್ ಬಾಯಲ್ ಕೈಯಲ್ಲಿ ಒಂದು ಕೆಂಪು ಗುಲಾಬಿ ಹಿಡಿದಿದ್ದ.

ಒಟ್ಟು 20 ಜನ, 1879ರವರೆಗೆ. ಆ ವರ್ಷದ ಜನವರಿ 14ರಂದು ಮಾಕ್ ಚಂಕ್‌ನಲ್ಲೇ ಜೇಮ್ಸ್ ಮಕ್‌ಡಾನೆಲ್, ಚಾರ್ಲ್ಸ್ ಶಾರ್ಪ್ ಇಬ್ಬರ ಸರದಿ. ಶಿಕ್ಷೆ ಸ್ವಲ್ಪ ದಿನ ನಿಲ್ಲಿಸಿ ಎಂಬ ಗವರ್ನರ್ ತಂತಿ ಜೈಲಿನ ಬಾಗಿಲಿಗೆ ಬಂದು ಬಡಿಯುವ ಹೊತ್ತಿಗೆ ಕಾಲ ಕೆಳಗಿನ ಹಲಗೆ ಬಿದ್ದಾಗಿತ್ತು. ಅರ್ಧ ನಿಮಿಷದ ಅಂತರ ಎನ್ನುತ್ತಾರೆ.

ಕೈಗುರುತಿನ ವಿಷಯಕ್ಕೆ ಬಂದರೆ, ಅದು ಕ್ಯಾಂಬೆಲ್‌ನದು ಎಂದು ಕೆಲವರು, 1878ರ ಮಾರ್ಚ್‌ನಲ್ಲಿ ನೇಣಾದ ಥಾಮಸ್ ಫಿಶರ್‌ನದು ಎಂದು ಕೆಲವರು. 1930ರಲ್ಲಿ ಒಬ್ಬ ಷರೀಫ್ ಆ ಗಾರೆಯನ್ನೇ ಕೆತ್ತಿಸಿ ಹೊಸದು ಬಳಿಸಿದ, ಬೆಳಿಗ್ಗೆ ನೋಡಿದರೆ ಮತ್ತೆ ಅಲ್ಲೇ ಇತ್ತು ಎಂದು ಹೇಳುತ್ತಾರೆ. ಆ ಕಟ್ಟಡ 1995ರವರೆಗೆ ಕೌಂಟಿಯ ಜೈಲಾಗಿಯೇ ಇತ್ತು. ನಂಬುವುದು ಬಿಡುವುದು ಅವರವರ ಇಷ್ಟ. ನನಗೆ ಗುರುತಿಗಿಂತ ಯಾರ ಕೈ ಎಂಬ ಜಗಳವೇ ಕುತೂಹಲದ್ದು. ಎರಡೂ ಮನೆತನಗಳ ಪರವಾಗಿ ವಾದಿಸುವವರು ಇಂದಿಗೂ ಇದ್ದಾರೆ.

ಸತ್ತ ಮೇಲೆ ಕ್ಷಮೆ ಅಂದರೇನು?

ಲೆಕ್ಕದ ಮೇಸ್ತ್ರಿ ಮತ್ತೆ ಬರುತ್ತಾನೆ ಅಂದಿದ್ದೆ. 1862ರ ಜೂನ್‌ನಲ್ಲಿ ಆಡನ್‌ರೀಡ್ ಎಂಬಲ್ಲಿ ಫ್ರ್ಯಾಂಕ್ ಲ್ಯಾಂಗ್ಡನ್ ಎಂಬ ಮೇಸ್ತ್ರಿಯನ್ನು ಒಂದು ಗುಂಪು ಹೊಡೆಯಿತು. ಕೂಲಿ ಕಡಿತದ ಕೆಲಸ ಅವನದಾಗಿತ್ತು. ಹೊಡೆತ ತಿಂದವನು ನಡೆದುಕೊಂಡೇ ಮನೆ ಸೇರಿದ, ಆಮೇಲೆ ಸತ್ತ. ಹದಿನಾಲ್ಕು ವರ್ಷ ಕಳೆದ ಮೇಲೆ ಆ ಕೇಸನ್ನು ಮೇಲೆತ್ತಿ ಜ್ಯಾಕ್ ಕೀಹೋ ಮೇಲೆ ಹಾಕಿದರು. ಹಿಂದೊಮ್ಮೆ ಅವನು ಲ್ಯಾಂಗ್ಡನ್‌ಗೆ, ನಿನ್ನನ್ನು ಮುಗಿಸುತ್ತೇನೆ ಅಂದಿದ್ದ ಎಂಬುದು ದೊಡ್ಡ ಪುರಾವೆ. ಅಷ್ಟರಲ್ಲಿ ಪತ್ರಿಕೆಗಳು ಅವನಿಗೆ ಮಾಲಿಗಳ ರಾಜ ಎಂದು ಪಟ್ಟ ಕಟ್ಟಿದ್ದವು. 1878ರ ಡಿಸೆಂಬರ್ 18ರಂದು ಪಾಟ್ಸ್‌ವಿಲ್‌ನಲ್ಲಿ ನೇಣು. ಮೇರಿ ಆನ್ ಮೂರು ವರ್ಷದ ಹಿಂದೆ ಒಂದೇ ರಾತ್ರಿ ತಂಗಿಯನ್ನೂ ತಮ್ಮನನ್ನೂ ಕಳೆದುಕೊಂಡಿದ್ದಳು. ಈಗ ಗಂಡ.

ನೂರು ವರ್ಷ ಆ ಮನೆಯವರು ಇದನ್ನು ಬಿಡಲಿಲ್ಲ. ಕೀಹೋನ ಮರಿಮೊಮ್ಮಗ ಅರ್ಜಿ ಹಿಡಿದು ಓಡಾಡಿದರು. 1979ರ ಜನವರಿಯಲ್ಲಿ ಗವರ್ನರ್ ಮಿಲ್ಟನ್ ಶಾಪ್ ಕೀಹೋಗೆ ಮರಣೋತ್ತರ ಕ್ಷಮಾದಾನ ಕೊಟ್ಟರು. ಸತ್ತವನಿಗೆ ಕ್ಷಮೆಯಿಂದ ಏನು ಬಂತು ಎಂದು ಅಕ್ಕನ ಮಗ ಕೇಳಿದ. ಜೀವ ಬರುವುದಿಲ್ಲ, ಪರಿಹಾರವೂ ಇಲ್ಲ. ಮಾಡಿದ್ದನ್ನು ಮನ್ನಿಸಿದೆವು ಎಂದೂ ಅದರ ಅರ್ಥವಲ್ಲ. ಆ ಶಿಕ್ಷೆ ಆಗಬಾರದಿತ್ತು ಎಂದು ಶಿಕ್ಷೆ ಕೊಟ್ಟ ಸರ್ಕಾರವೇ ಕಾಗದದ ಮೇಲೆ ಬರೆದುಕೊಟ್ಟಂತೆ. ಮೊಮ್ಮಕ್ಕಳ ಹೆಸರಿನ ಮುಂದಿನ ಕೊಲೆಗಾರನ ಮನೆಯವರು ಎಂಬ ಮಾತು ಅಲ್ಲಿಗೆ ಹೋಗುತ್ತದೆ.

ಮನೆಗಳಲ್ಲಿ ಇದರ ಬಗ್ಗೆ ಯಾಕೆ ಅಷ್ಟು ವರ್ಷ ಮೌನ ಎಂದೂ ಅವನು ಕೇಳಿದ. ಚರ್ಚೇ ಇವರನ್ನು ಹೊರಗಿಟ್ಟಿತ್ತು. ಫಿಲಡೆಲ್ಫಿಯಾದ ಆರ್ಚ್‌ಬಿಷಪ್ ಮಾಲಿಗಳಿಗೆ ಬಹಿಷ್ಕಾರ ಹಾಕಿದ್ದರು. ಭಕ್ತಿಯಿದ್ದ ಮನೆಗಳಿಗೆ ಅದು ನೇಣಿಗಿಂತ ಕಡಿಮೆ ಏನಲ್ಲ. ಎಷ್ಟೋ ಮನೆಗಳಲ್ಲಿ ಅಜ್ಜನ ಹೆಸರೇ ಎತ್ತುತ್ತಿರಲಿಲ್ಲ.

ಗೋವನ್ 1889ರಲ್ಲಿ ವಾಷಿಂಗ್ಟನ್‌ನ ಹೋಟೆಲ್ ಕೋಣೆಯಲ್ಲಿ ಗುಂಡೇಟಿನಿಂದ ಸತ್ತ. ಆತ್ಮಹತ್ಯೆ ಎಂದು ತೀರ್ಮಾನವಾಯಿತು. ಮಕ್‌ಪಾರ್ಲಂಡ್ ಪಿಂಕರ್ಟನ್‌ನಲ್ಲೇ ಮೇಲೇರಿ, ಮೂವತ್ತು ವರ್ಷದ ಮೇಲೆ ಪಶ್ಚಿಮದ ಗಣಿ ಯೂನಿಯನ್ ಮುಖಂಡರ ವಿರುದ್ಧ ಮತ್ತೊಬ್ಬ ಮಾಫಿ ಸಾಕ್ಷಿಯನ್ನು ತಯಾರು ಮಾಡಿದ. 1907ರಲ್ಲಿ ಆ ಜ್ಯೂರಿ ಅವನ ಕಡೆಯ ಕಥೆಯನ್ನು ಒಪ್ಪಲಿಲ್ಲ, ಮುಖ್ಯ ಆರೋಪಿ ಖುಲಾಸೆಯಾದ.

ಕೀಹೋನ ಹೆಂಡದಂಗಡಿ ಹಿಬರ್ನಿಯನ್ ಹೌಸ್ ಜಿರಾರ್ಡ್‌ವಿಲ್‌ನಲ್ಲಿತ್ತು. ಅರ್ಜಿ ಹಿಡಿದು ಓಡಾಡಿದ ಮರಿಮೊಮ್ಮಗ ಅದೇ ಅಂಗಡಿಯ ಗಲ್ಲಾದ ಹಿಂದೆ ನಿಂತು ವ್ಯಾಪಾರ ಮಾಡುತ್ತಿದ್ದರು. ಜಿಮ್ ಥಾರ್ಪ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ದಾರಿಯಲ್ಲಿ ಟಮಾಕ್ವಾ ಸಿಗುತ್ತದೆ, ಮಹನೋಯ್ ಸಿಟಿ ಸಿಗುತ್ತದೆ. ವಿಗ್ಗನ್ಸ್ ಪ್ಯಾಚ್ ಎಲ್ಲಿ ಎಂದು ಅಕ್ಕನ ಮಗ ಮ್ಯಾಪ್‌ನಲ್ಲಿ ಹುಡುಕುತ್ತಿದ್ದ.

"ಮಾವ, ಆ ಕೇಸಲ್ಲಿ ಒಬ್ಬರಿಗೂ ಶಿಕ್ಷೆ ಆಗ್ಲಿಲ್ವಾ?"

"ಇಲ್ಲಪ್ಪ. ಒಬ್ಬನನ್ನ ಹಿಡಿದ್ರು, ಬಿಟ್ರು."